ಹೆಸರು, ಗಡಿ, ಸಂಖ್ಯೆ: ಶಿಕಾರಿಪುರ–ಸೊರಬ ಸೀಮೆಯ ಭಾಷಾಗಣತಿಯ ಆಕರಗಳನ್ನು ಅಂತರ್ಜಾಲದಲ್ಲಿ ಓದುವ ಬಗೆ

ಸಾರಾಂಶ

ಜನಗಣತಿಯ ಭಾಷಾ ಕೋಷ್ಟಕಗಳು ಇಂದು ಅಂತರ್ಜಾಲದಲ್ಲಿ ಯಾರಿಗೂ ಲಭ್ಯ. ಆದರೆ ಒಂದು ತಾಲ್ಲೂಕಿನ ಅಂಕಿಯು ಸಂಶೋಧಕನ ಕೈಸೇರುವ ಮುನ್ನ ಊರ ಹೆಸರಿನ ಕಾಗುಣಿತ, ಆಡಳಿತದ ಗಡಿ, ಗಣತಿದಾರ ಕೇಳಿದ ಪ್ರಶ್ನೆ, ನುಡಿಗಳ ವರ್ಗೀಕರಣ ಎಂಬ ನಾಲ್ಕು ನಿರ್ಣಯಗಳನ್ನು ಹಾದುಬಂದಿರುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು ಈ ನಿರ್ಣಯಗಳ ಚರಿತ್ರೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಈ ಚರಿತ್ರೆಯನ್ನು ಅರಿಯದೆ ಅಂಕಿಯನ್ನು ಉದ್ಧರಿಸಿದರೆ ಲಂಬಾಣಿ ನುಡಿಯನ್ನಾಡುವವರು ‘ಹಿಂದಿ ಭಾಷಿಕ’ರಾಗಿ ಪರಿಣಮಿಸುತ್ತಾರೆ ಎಂಬುದು ನಮ್ಮ ಮುಖ್ಯ ಪ್ರತಿಪಾದನೆ.

ಪ್ರಮುಖ ಪದಗಳು: ಜನಗಣತಿ, ಮಾತೃಭಾಷೆ, ಲಂಬಾಣಿ, ಸ್ಥಳನಾಮ, ವರ್ಗೀಕರಣ, ಶಿಕಾರಿಪುರ, ಸೊರಬ

1. ಪೀಠಿಕೆ

ನಾಡಿನ ಹೆಸರಿನೊಡನೆ ಸಂಖ್ಯೆಯನ್ನು ಜೋಡಿಸಿ ಹೇಳುವ ರೂಢಿ ಈ ಸೀಮೆಗೆ ಹೊಸತಲ್ಲ. ಬನವಾಸಿ 12000, ನಾಗರಖಂಡ 70, ಜಿಡ್ಡುಳಿಗೆ 70 ಎಂಬ ಪ್ರಯೋಗಗಳು ಇಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಾಗರಖಂಡದ ಮುಖ್ಯಸ್ಥಳವಾಗಿದ್ದ ಬಾಂಧವಪುರ ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆ. ಜಿಡ್ಡುಳಿಗೆಯ ಉದ್ಧರೆ ಇಂದಿನ ಸೊರಬ ತಾಲ್ಲೂಕಿನ ಉದ್ರಿ. ಈ ಅಂಕಿಗಳು ಗ್ರಾಮಗಳ ಎಣಿಕೆಯನ್ನು ಸೂಚಿಸುತ್ತವೆಯೋ, ಕಂದಾಯದ ಪ್ರಮಾಣವನ್ನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದಿದೆ. ಶಾಸನದ ಸಂಖ್ಯೆಯನ್ನು ಎದುರಿಸಿದೊಡನೆ ‘ಯಾರು ಎಣಿಸಿದರು, ಏನನ್ನು ಎಣಿಸಿದರು?’ ಎಂದು ಕೇಳುವ ಶಿಸ್ತು ನಮಗಿದೆ. ಜನಗಣತಿಯ ಸಂಖ್ಯೆಯ ವಿಷಯದಲ್ಲಿ ಮಾತ್ರ ಈ ಶಿಸ್ತು ಸಡಿಲಗೊಳ್ಳುತ್ತದೆ. ಸರ್ಕಾರದ ಜಾಲತಾಣದಿಂದ ಇಳಿಸಿಕೊಂಡ ಕೋಷ್ಟಕವು ಸ್ವಯಂಸಿದ್ಧವೆಂಬಂತೆ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಸೇರಿಬಿಡುತ್ತದೆ. ಶಾಸನಕ್ಕೆ ಸಲ್ಲುವ ಪ್ರಶ್ನೆ ಕೋಷ್ಟಕಕ್ಕೂ ಸಲ್ಲಬೇಕೆಂಬುದು ಈ ಲೇಖನದ ನಿಲುವು.

2. ಊರ ಹೆಸರು

ಹುಡುಕಾಟದ ಮೊದಲ ತೊಡಕು ಧ್ವನಿ ಮತ್ತು ಲಿಪಿಗೆ ಸಂಬಂಧಿಸಿದುದು. 2011ರ ಜನಗಣತಿಯ ಕಡತಗಳಲ್ಲಿ ತಾಲ್ಲೂಕುಗಳ ಹೆಸರು ರೋಮನ್ ಲಿಪಿಯಲ್ಲಿದ್ದು, ‘ಶಿಕಾರ್‌ಪುರ್’, ‘ಸೊರಬ್’ ಎಂದು ಓದುವಂತಿದೆ. ಎರಡರಲ್ಲಿಯೂ ಪದಾಂತ್ಯದ ಅಕಾರ ಲೋಪವಾಗಿದೆ. ಮೊದಲನೆಯದರಲ್ಲಿ ‘ಶಿಕಾರಿ’ಯ ಇಕಾರವೂ ಉಳಿದಿಲ್ಲ. ಕನ್ನಡದ ಸ್ವರಾಂತ ರೂಪಕ್ಕೆ ಹಿಂದುಸ್ತಾನಿಯ ವ್ಯಂಜನಾಂತ ಮಾದರಿಯನ್ನು ಹೊದಿಸಿದ ಈ ಬರವಣಿಗೆ ಬ್ರಿಟಿಷರ ಕಾಲದ ಆಡಳಿತದಿಂದ ಬಂದದ್ದು. ಕನ್ನಡದ ಉಚ್ಚಾರಣೆಯನ್ನು ಅನುಸರಿಸಿ ಹುಡುಕುವವರಿಗೆ ಆದುದರಿಂದ ಸಾಲು ದೊರೆಯುವುದಿಲ್ಲ. ಕಡತದ ಕಾಗುಣಿತವನ್ನು ಅನುಸರಿಸಿದವರಿಗೆ ಬೇರೊಂದು ಅಪಾಯವುಂಟು: ಉತ್ತರಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿಯೂ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿಯೂ ಇದೇ ಹೆಸರಿನ ಊರುಗಳಿವೆ. ಶಿವಮೊಗ್ಗ ಎಂಬ ಜಿಲ್ಲೆಯ ಹೆಸರಿನ ರೋಮನ್ ರೂಪವು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಕಡತಗಳಲ್ಲೆಲ್ಲ ಹಳೆಯ ರೂಪವೇ ಇದೆ.

ಹೆಸರಿನ ಪಲ್ಲಟ ಇದಕ್ಕಿಂತ ಹಿಂದಿನದು. ಶಿಕಾರಿಪುರಕ್ಕೆ ಮಳಿಯನಹಳ್ಳಿ, ಮಹಾದಾನಪುರ ಎಂಬ ಪೂರ್ವನಾಮಗಳಿದ್ದವೆಂದು ಗ್ಯಾಸೆಟಿಯರು ಹೇಳುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ತಾಳಗುಂದದ ಸ್ತಂಭಶಾಸನವನ್ನು ಹುಡುಕುವವರು ‘ಶಿಕಾರಿಪುರ 176’ ಎಂಬ ಸಂಖ್ಯೆಯನ್ನು ತಿಳಿದಿರಬೇಕು. ಜನಗಣತಿಯಲ್ಲಿಯೂ ಹಾಗೆಯೇ. ಹೆಸರಿಗಿಂತ ಸಂಕೇತಸಂಖ್ಯೆ ವಿಶ್ವಸನೀಯ: 2011ರಲ್ಲಿ ಕರ್ನಾಟಕದ ಸಂಕೇತ 29, ಶಿವಮೊಗ್ಗ ಜಿಲ್ಲೆಯದು 568. ಆದರೆ ಸಂಕೇತಗಳೂ ಗಣತಿಯಿಂದ ಗಣತಿಗೆ ಬದಲಾಗುವುದರಿಂದ ಅಂಕಿಯೊಡನೆ ಗಣತಿಯ ವರ್ಷವನ್ನೂ ಸಂಕೇತವನ್ನೂ ನಮೂದಿಸುವುದು ಅಗತ್ಯ.

3. ಗಡಿ ಮತ್ತು ಗ್ರಾಮಪಟ್ಟಿ

ರೈಸ್ ಅವರ ಸಂಪುಟಗಳು ಗಡಿಯ ಚರಿತ್ರೆಗೂ ಸಾಕ್ಷಿ. 1902ರ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಜೊತೆಗೆ ಹೊನ್ನಾಳಿ, ಚನ್ನಗಿರಿಗಳಿವೆ. 1904ರ ಎಂಟನೆಯ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿಗಳೊಡನೆ ಸೊರಬವಿದೆ. ಹೊನ್ನಾಳಿ ಮತ್ತು ಚನ್ನಗಿರಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಆದುದರಿಂದ 1991 ಮತ್ತು 2001ರ ಶಿವಮೊಗ್ಗ ಜಿಲ್ಲೆಯ ಭಾಷಿಕ ಅನುಪಾತಗಳನ್ನು ನೇರವಾಗಿ ಹೋಲಿಸುವಂತಿಲ್ಲ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 17,52,753 ಎಂದು ಬರೆಯುವಾಗ, ಅದು ಯಾವ ಶಿವಮೊಗ್ಗ ಎಂಬುದು ಮೊದಲು ಇತ್ಯರ್ಥವಾಗಬೇಕು.

ತಾಲ್ಲೂಕಿನ ಒಳಗೆ ಹೋದರೆ ಜಿಲ್ಲಾ ಜನಗಣತಿ ಕೈಪಿಡಿ ನೆರವಿಗೆ ಬರುತ್ತದೆ. ಈ ಮಾಲೆ 1951ರ ಗಣತಿಯಿಂದ ಆರಂಭವಾಯಿತು. 2011ರ ಕೈಪಿಡಿಯ ‘ಎ’ ಭಾಗದಲ್ಲಿ ಗ್ರಾಮ ಮತ್ತು ಪಟ್ಟಣಗಳ ನಿರ್ದೇಶಿಕೆಯೂ ‘ಬಿ’ ಭಾಗದಲ್ಲಿ ಪ್ರಾಥಮಿಕ ಸಾರಾಂಶವೂ ಇವೆ. ಮನೆಗಳು, ಜನಸಂಖ್ಯೆ, ಸಾಕ್ಷರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ದುಡಿಯುವವರು ಎಂಬ ವಿವರಗಳು ಗ್ರಾಮವಾರು ದೊರೆಯುತ್ತವೆ. ಭಾಷೆಯ ವಿವರ ದೊರೆಯುವುದಿಲ್ಲ. ಗ್ರಾಮದ ಮಟ್ಟದ ಭಾಷಿಕ ಚಿತ್ರವನ್ನು ಈ ಕೈಪಿಡಿಯಿಂದ ಪಡೆಯಲು ಹೊರಟವರು ಜಾತಿಯ ಅಂಕಿಯನ್ನು ಭಾಷೆಯ ಅಂಕಿಯೆಂದು ಬಳಸುವ ಪ್ರಲೋಭನೆಗೆ ಒಳಗಾಗುತ್ತಾರೆ. ಇದು ಭಾಷಾವಿಜ್ಞಾನದಲ್ಲಿ ಒಪ್ಪತಕ್ಕ ಮಾರ್ಗವಲ್ಲ.

ಗ್ರಾಮಪಟ್ಟಿ ಕಂದಾಯ ಇಲಾಖೆಯ ಪಟ್ಟಿಯನ್ನು ಅನುಸರಿಸುತ್ತದೆ ಎಂಬುದನ್ನೂ ಗಮನಿಸಬೇಕು. ಜನವಸತಿಯೇ ಇಲ್ಲದ ಬೇಚರಾಕ್ ಗ್ರಾಮಕ್ಕೆ ಅದರಲ್ಲಿ ಹೆಸರೂ ಸಂಕೇತವೂ ಉಂಟು. ಸ್ಥಳನಾಮ ಸಂಶೋಧಕರಿಗೆ ಇಂಥ ಹೆಸರುಗಳು ಬೆಲೆಯುಳ್ಳವು. ಜನರಿಂದ ತುಂಬಿದ ತಾಂಡಾ ಕಂದಾಯ ಗ್ರಾಮವಾಗಿಲ್ಲದಿದ್ದರೆ ಅದರ ಹೆಸರು ಪಟ್ಟಿಯಲ್ಲಿರದು. ಅಲ್ಲಿನ ಜನರು ಮೂಲ ಗ್ರಾಮದ ಮೊತ್ತದಲ್ಲಿ ಸೇರುತ್ತಾರೆ. ಈಚಿನ ವರ್ಷಗಳಲ್ಲಿ ರಾಜ್ಯದ ಅನೇಕ ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿದೆ. 2011ರ ಪಟ್ಟಿಯಲ್ಲಿ ಈ ಬದಲಾವಣೆಯನ್ನು ನಿರೀಕ್ಷಿಸಲಾಗದು. ತಾಂಡಾಗಳು ಹೆಚ್ಚಾಗಿರುವ ಶಿಕಾರಿಪುರದ ಮಟ್ಟಿಗೆ ಈ ಅಂಶ ಗೌಣವಲ್ಲ.

4. ಗಣತಿದಾರನ ಪ್ರಶ್ನೆ

ಏಕಕಾಲದಲ್ಲಿ ದೇಶದಾದ್ಯಂತ ನಡೆದ ಮೊದಲ ಗಣತಿ 1881ರದು. ಅಂದು ಕೇಳಿದ್ದು ಮಾತೃಭಾಷೆಯನ್ನು. 1901ರಲ್ಲಿ ಪ್ರಶ್ನೆ ‘ಸಾಮಾನ್ಯವಾಗಿ ಬಳಸುವ ಭಾಷೆ’ ಎಂದಾಯಿತು. 1931ರಲ್ಲಿ ಮತ್ತೆ ಮಾತೃಭಾಷೆಗೆ ಮರಳಿ, ಜೊತೆಗೆ ಬಳಕೆಯ ಇತರ ಭಾಷೆಯನ್ನೂ ಕೇಳಲಾಯಿತು. 1931ರ ಮೈಸೂರು ಸಂಸ್ಥಾನದ ಗಣತಿಯ ಮೇಲ್ವಿಚಾರಣೆ ವಹಿಸಿ ವರದಿ ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬುದು ಕನ್ನಡದ ಓದುಗರಿಗೆ ವಿಶೇಷ ಸಂಗತಿ. ಅಂತರ್ಜಾಲದ ಗ್ರಂಥಾಲಯಗಳಲ್ಲಿ ಆ ವರದಿಯನ್ನು ಹುಡುಕುವವರು ‘ಮಾಸ್ತಿ’ ಎಂದು ಬರೆದರೆ ಅದು ಸಿಗಲಾರದು, ಮುಖಪುಟದಲ್ಲಿರುವುದು ‘ಎಂ. ವೆಂಕಟೇಶ ಐಯಂಗಾರ್’ ಎಂಬ ಅಧಿಕಾರಿಯ ಹೆಸರು.

ಈಗಿನ ನಿರೂಪಣೆಯಂತೆ ಮಾತೃಭಾಷೆಯೆಂದರೆ ವ್ಯಕ್ತಿಯೊಡನೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ, ಬಾಲ್ಯದ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆ. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಯಲ್ಲಿರುವ ಕುಟುಂಬವು ‘ಬಳಸುವ ಭಾಷೆ’ ಮತ್ತು ‘ತಾಯಿ ಆಡಿದ ಭಾಷೆ’ ಎಂಬ ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಕೊಡುವುದು ಸಹಜ. ಪ್ರಶ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 1901 ಮತ್ತು 2011ರ ಅಂಕಿಗಳ ಅಂತರವನ್ನು ಭಾಷಾಪಲ್ಲಟವೆಂದು ವ್ಯಾಖ್ಯಾನಿಸುವುದು ಅಸಾಧು. ಇಂಥ ಕುಟುಂಬಗಳ ದ್ವಿಭಾಷಿಕತೆಯನ್ನು ತೋರಬೇಕಾದ ಸಿ-17 ಕೋಷ್ಟಕ ರಾಜ್ಯಮಟ್ಟದ್ದಾಗಿರುವುದರಿಂದ, ತಾಲ್ಲೂಕಿನ ಚಿತ್ರಕ್ಕೆ ಕ್ಷೇತ್ರಕಾರ್ಯವನ್ನೇ ಅವಲಂಬಿಸಬೇಕಾಗುತ್ತದೆ.

5. ವರ್ಗೀಕರಣ: ಲಂಬಾಣಿ ಎಲ್ಲಿದೆ?

ಮಾತೃಭಾಷೆಗಳ ಅಂಕಿಗಳಿಗೆ ಸಿ-16 ಕೋಷ್ಟಕವೇ ಆಧಾರ. 2011ರಲ್ಲಿ ದೇಶದ ಜನರು ಕೊಟ್ಟ ಉತ್ತರಗಳಲ್ಲಿ 19,569 ಹೆಸರುಗಳಿದ್ದವು. ಪರಿಷ್ಕರಣೆಯ ಬಳಿಕ 1,369 ಹೆಸರುಗಳು ಮಾತೃಭಾಷೆಗಳೆಂದು ಉಳಿದವು. 1,474 ಹೆಸರುಗಳು ‘ಇತರೆ’ಯ ಪಾಲಾದವು. 10,000ಕ್ಕಿಂತ ಕಡಿಮೆ ಭಾಷಿಕರಿರುವವುಗಳನ್ನು ಬಿಟ್ಟಾಗ 270 ಮಾತೃಭಾಷೆಗಳು ಸಿಕ್ಕವು. ಅವುಗಳನ್ನು 121 ಭಾಷೆಗಳ ಅಡಿಯಲ್ಲಿ ವಿಂಗಡಿಸಲಾಯಿತು. ಕೋಷ್ಟಕದಲ್ಲಿ ಪ್ರತಿಯೊಂದು ಭಾಷೆಗೂ ಒಂದು ಒಟ್ಟು ಸಾಲು, ಅದರ ಕೆಳಗೆ ಮಾತೃಭಾಷೆಗಳ ಒಳಸಾಲುಗಳು ಇವೆ. ಒಟ್ಟು ಸಾಲಿನ ಸಂಕೇತ ಮೂರು ಸೊನ್ನೆಗಳಲ್ಲಿ ಮುಗಿಯುತ್ತದೆ: ಹಿಂದಿಗೆ 006000, ಕನ್ನಡಕ್ಕೆ 007000.

ತಮ್ಮ ನುಡಿಯನ್ನು ಆಡುಗರು ಗೋರ್ ಬೋಲಿ ಎನ್ನುತ್ತಾರೆ. ಹೊರಗಿನವರು ಲಂಬಾಣಿ, ಲಮಾಣಿ, ಬಂಜಾರ ಎಂದು ಕರೆಯುತ್ತಾರೆ. ಕೋಷ್ಟಕದಲ್ಲಿ ಅದು ‘ಲಮಾಣಿ/ಲಂಬಾಡಿ’, ‘ಬಂಜಾರಿ’ ಎಂಬ ಎರಡು ಒಳಸಾಲುಗಳಾಗಿ ಹಿಂದಿಯ ಅಡಿಯಲ್ಲಿದೆ. ದೇಶದಲ್ಲಿ ಮೊದಲನೆಯದರ ಭಾಷಿಕರು 2001ರಲ್ಲಿ 27,07,562, 2011ರಲ್ಲಿ 32,76,548. ಎರಡನೆಯದರವರು 2011ರಲ್ಲಿ 15,81,271. ಎಂಟನೆಯ ಅನುಸೂಚಿಯಲ್ಲಿರುವ ಕೊಂಕಣಿಯ ಭಾಷಿಕರು ಅದೇ ವರ್ಷ 22,56,502. ಲಮಾಣಿ/ಲಂಬಾಡಿಯ ಒಂದೇ ಸಾಲು ಕೊಂಕಣಿಯನ್ನು ಮೀರಿಸುತ್ತದೆ. ಹಾಗಿದ್ದರೂ ಭಾಷೆಗಳ ಸಂಕ್ಷಿಪ್ತ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. 2011ರಲ್ಲಿ ಹಿಂದಿಯ ಒಟ್ಟು ಮೊತ್ತ 52,83,47,193 ಆಗಿದ್ದು, ‘ಹಿಂದಿ’ ಎಂದೇ ಗುರುತಿಸಲಾದ ಒಳಸಾಲು 32,22,30,097 ಮಾತ್ರ.

ಈ ವರ್ಗೀಕರಣಕ್ಕೂ ಒಂದು ಚರಿತ್ರೆಯಿದೆ. ಗ್ರಿಯರ್ಸನ್ನರ ‘ಭಾರತದ ಭಾಷಾ ಸಮೀಕ್ಷೆ’ 1907ರಲ್ಲಿ ಒಂಬತ್ತನೆಯ ಸಂಪುಟದ ಮೂರನೆಯ ಭಾಗದಲ್ಲಿ ಲಭಾಣಿಯನ್ನು ಭೀಲಿ, ಖಾಂದೇಶಿಗಳೊಡನೆ ಇರಿಸಿ, ಅದರ ಮೂಲವನ್ನು ರಾಜಸ್ಥಾನದ ಪಶ್ಚಿಮದ ನುಡಿಗಳಲ್ಲಿ ಕಂಡಿತು. ಆದರೆ ಆ ಸಮೀಕ್ಷೆಯ ವ್ಯಾಪ್ತಿಯಲ್ಲಿ ಮೈಸೂರು ಸಂಸ್ಥಾನ ಇರಲಿಲ್ಲ. ಶಿಕಾರಿಪುರದ ತಾಂಡಾಗಳಲ್ಲಿ ದ್ರಾವಿಡ ಭಾಷೆಯೊಂದರ ನಿತ್ಯ ಸಂಪರ್ಕದಲ್ಲಿ ಬೆಳೆದ ರೂಪವು ಈ ವರ್ಗೀಕರಣಕ್ಕೆ ಸಾಮಗ್ರಿಯಾಗಲಿಲ್ಲ ಎಂದರ್ಥ. ವಂಶಸಂಬಂಧವನ್ನು ಸೂಚಿಸುವ ಗುಂಪು ಬೇರೆ, ಜನರು ಆಡುವ ಭಾಷೆಯ ಹೆಸರು ಬೇರೆ. ಒಟ್ಟು ಸಾಲನ್ನಷ್ಟೇ ನೋಡಿ ತಾಲ್ಲೂಕಿನಲ್ಲಿ ‘ಇಷ್ಟು ಜನ ಹಿಂದಿ ಭಾಷಿಕರು’ ಎಂದು ಬರೆದ ಪ್ರಬಂಧವು ಈ ಎರಡನ್ನೂ ಒಂದಾಗಿಸುತ್ತದೆ. ಆ ವಾಕ್ಯವೇ ಮುಂದೆ ಶಾಲೆಯ ಮಾಧ್ಯಮ, ಪಠ್ಯ, ಭಾಷಾ ಅಕಾಡೆಮಿಗಳ ಚರ್ಚೆಯಲ್ಲಿ ಆಧಾರವಾಗಿ ನಿಲ್ಲುತ್ತದೆ.

6. ಕನ್ನಡವೆಂಬ ಸಾಲು

ಸೊರಬದಲ್ಲಿ ತೊಡಕು ಬೇರೆ ಬಗೆಯದು. ದೀವರ ಮಾತು, ಹವ್ಯಕರ ಮಾತು ಮುಂತಾದ ಸಾಮಾಜಿಕ ಉಪಭಾಷೆಗಳು ಒಂದೇ ತಾಲ್ಲೂಕಿನಲ್ಲಿ ಒಟ್ಟಿಗಿವೆ. 2011ರಲ್ಲಿ ದೇಶದ 4,37,06,512 ಕನ್ನಡ ಭಾಷಿಕರ ಗುಂಪಿನಲ್ಲಿ ನೀಲಗಿರಿಯ ಬಡಗ ನುಡಿಗೆ ಒಂದು ಒಳಸಾಲಿದೆ. ಹವ್ಯಕಕ್ಕಾಗಲಿ ದೀವರ ನುಡಿಗಾಗಲಿ ಇಲ್ಲ. ಆಡುಗರು ತಮ್ಮ ಮಾತನ್ನು ಕನ್ನಡವೆಂದೇ ಹೇಳಿದ್ದರೆ ಅದು ಅವರ ನಿರ್ಣಯ. ಕೋಷ್ಟಕ ಅದನ್ನು ಗೌರವಿಸುತ್ತದೆ. ಆದರೆ ಸೊರಬವು ಭಾಷಿಕವಾಗಿ ಏಕರೂಪವೆಂಬ ತೀರ್ಮಾನ ಆ ಸಾಲಿನಿಂದ ಹೊರಡುವುದಿಲ್ಲ. ಶಿಕಾರಿಪುರದಲ್ಲಿ ಗುಂಪಿನ ಹೆಸರು ಒಂದು ನುಡಿಯನ್ನು ಮರೆಮಾಡಿದರೆ, ಸೊರಬದಲ್ಲಿ ಭಾಷೆಯ ಹೆಸರು ಒಳಭೇದಗಳನ್ನು ಮರೆಮಾಡುತ್ತದೆ.

7. ಸಮಾರೋಪ

ಮೇಲಿನ ಪರಿಶೀಲನೆಯಿಂದ ಸಂಶೋಧನ ವಿದ್ಯಾರ್ಥಿಗಳಿಗೆ ಕೆಲವು ಕ್ರಮಗಳನ್ನು ಸೂಚಿಸಬಹುದು. ಸ್ಥಳವನ್ನು ಆ ವರ್ಷದ ಸಂಕೇತದಿಂದ ಗುರುತಿಸಬೇಕು. ಜಿಲ್ಲೆಯ ಬದಲು ತಾಲ್ಲೂಕಿನ ಸಾಲುಗಳನ್ನು ಹೋಲಿಸಿ, ಗಡಿ ಬದಲಾದ ವರ್ಷವನ್ನು ಹೇಳಬೇಕು. ಆ ಗಣತಿಯ ಪ್ರಶ್ನೆಯ ಪಾಠವನ್ನು ಅಂಕಿಯ ಪಕ್ಕದಲ್ಲಿಯೇ ಕೊಡಬೇಕು. ಸಿ-16ರಲ್ಲಿ ಒಟ್ಟು ಸಾಲು, ಒಳಸಾಲು ಎರಡನ್ನೂ ಉದ್ಧರಿಸಬೇಕು; ಒಂದೇ ನುಡಿ ಎರಡು ಹೆಸರುಗಳಲ್ಲಿ ಹಂಚಿಹೋಗಿದೆಯೇ ಎಂದು ನೋಡಬೇಕು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು ಪ್ರಕಟವಾಗಿದೆ. ಈ ಬಾರಿ ಉತ್ತರಗಳು ನೇರವಾಗಿ ಗಣಕೀಕೃತವಾಗಲಿದ್ದು, ಅಂಕಿಗಳು ಹಿಂದಿಗಿಂತ ಬೇಗ ನಮ್ಮ ಮುಂದೆ ಬರಬಹುದು. ತಾಂಡಾದ ಹೆಣ್ಣುಮಗಳೊಬ್ಬಳು ತನ್ನ ಮಾತಿಗೆ ಕೊಡುವ ಹೆಸರು ಮಾತ್ರ ಆಗಲೂ ಪರಿಷ್ಕರಣೆ, ವರ್ಗೀಕರಣಗಳನ್ನು ಹಾದೇ ಕೋಷ್ಟಕವನ್ನು ಸೇರಬೇಕು. ಆ ಹಾದಿಯನ್ನು ಹಿಮ್ಮುಖವಾಗಿ ನಡೆದು, ಸಂಖ್ಯೆಯಿಂದ ಹೆಸರಿಗೆ, ಹೆಸರಿನಿಂದ ನುಡಿಗೆ ತಲುಪುವುದು ಭಾಷಾವಿಜ್ಞಾನಿಯ ಹೊಣೆ.