ಹಗೇವಿನ ರಾಗಿ, ಅಡುಗೆಮನೆಯ ಲೆಕ್ಕ



ಬರಗಾಲದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಅಂಕಿಗಳಲ್ಲಿ ಓದುತ್ತೇವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಬಳಿಕ, 1881ರಲ್ಲಿ, ಅದು 41,86,188. ನಡುವೆ ಬಂದದ್ದು 1876-78ರ ಮಹಾಕ್ಷಾಮ. ಸಂವತ್ಸರದ ಲೆಕ್ಕದಲ್ಲಿ ಧಾತು, ಈಶ್ವರ ವರ್ಷಗಳ ಬರ. ಈ ಅಂಕಿಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಸಾಲದು. ಮಳೆ ತಪ್ಪಿದ ದಿನ ಒಂದು ಮನೆಯಲ್ಲಿ ಏನಿತ್ತು, ಎಷ್ಟು ದಿನಕ್ಕೆ ಇತ್ತು, ಅದನ್ನು ಕೂಡಿಟ್ಟವರು ಯಾರು ಎಂದೂ ಕೇಳಬೇಕು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಕೃಷ್ಣರಾಜನಗರದ ಕಡೆ ಈ ಪ್ರಶ್ನೆಗೆ ಉತ್ತರವನ್ನು ಕಾಗದಪತ್ರಗಳಲ್ಲಿ ಮಾತ್ರವಲ್ಲ, ನೆಲದಡಿಯಲ್ಲಿಯೂ ಹುಡುಕಬೇಕಾಗುತ್ತದೆ.

ನೆಲದಡಿ ಎಂದರೆ ಹಗೇವು. ಗಟ್ಟಿ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ ತೋಡಿ, ಒಳಗೆ ಹೂಜಿಯಂತೆ ಅಗಲ ಮಾಡುತ್ತಿದ್ದರು. ತಳಕ್ಕೂ ಪಕ್ಕಕ್ಕೂ ಒಣಹುಲ್ಲು. ಅದರೊಳಗೆ ಚೆನ್ನಾಗಿ ಒಣಗಿದ ರಾಗಿ. ಮೇಲೆ ಮತ್ತೆ ಹುಲ್ಲು, ಚಪ್ಪಡಿ ಕಲ್ಲು, ಮಣ್ಣು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ದಾಖಲಿಸಿದ್ದಾನೆ. (ಟೆಲಿವಿಷನ್ನಿನವರಿಗೆ ಹಗೇವು ಬಹಳ ತೊಡಕಿನ ವಸ್ತು. ಕ್ಯಾಮೆರಾ ಮುಂದೆ ಕಾಣುವುದು ಬರಿಯ ಅಂಗಳ!)

ರಾಗಿಯೇ ಏಕೆ? ಅದರ ಕಾಳು ಬಹಳ ಸಣ್ಣದು, ಒತ್ತಾಗಿ ಕೂರುತ್ತದೆ. ನಡುವೆ ಗಾಳಿಗೂ ಹುಳುವಿಗೂ ಜಾಗ ಕಡಿಮೆ. ಕಾಳೂ ಉಸಿರಾಡುವ ಜೀವಿಯೇ. ಮುಚ್ಚಿದ ಹಗೇವಿನಲ್ಲಿ ಅದು ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹುಳುಗಳು ಉಸಿರುಕಟ್ಟಿ ಸಾಯುತ್ತವೆ. ಹೀಗೆ ಔಷಧವಿಲ್ಲದೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆಗೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ ಒಬ್ಬನನ್ನು ಇಳಿಸುವುದು, ಮೇಲೆ ಇಬ್ಬರು ಮೂವರು ಹಗ್ಗ ಹಿಡಿಯುವುದು ರೂಢಿ. ಒಂಟಿಯಾಗಿ ಇದ್ದವನಿಗೆ ಹಗೇವು ಸಾಧ್ಯವೇ ಇರಲಿಲ್ಲ. ಒಮ್ಮೆ ತೆರೆದರೆ ಕಾಳಿಗೆ ಗಾಳಿ, ತೇವ ತಗಲುವುದರಿಂದ, ಯಾವಾಗ ತೆರೆಯಬೇಕೆಂಬುದೂ ಮನೆಮಂದಿ ಕೂತು ತೀರ್ಮಾನಿಸುವ ಸಂಗತಿಯಾಗಿತ್ತು.

ಕೃಷ್ಣರಾಜನಗರದ ಕಾವೇರಿ ಬಯಲಿನ ಮಾತು ಬೇರೆ. ನಾಲೆಯ ನೀರು ಹರಿಯುವ ಗದ್ದೆ ಸೀಮೆಯಲ್ಲಿ ನೆಲದೊಳಗೆ ತೇವ ಹೆಚ್ಚು. ಅಲ್ಲಿ ಭತ್ತಕ್ಕೆ ಕಣಜ, ಗುಡಾಣಗಳೇ ಗತಿ.

ಹಗೇವು ಗಂಡಸರ ಕೆಲಸವೆಂದು ಕಂಡರೂ ಅದನ್ನು ಉಳಿಸುತ್ತಿದ್ದುದು ಅಡುಗೆಮನೆ. ರಾಗಿ ಹೊಲದ ಅಕ್ಕಡಿ ಸಾಲುಗಳನ್ನು ನೋಡಿ: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಒಂದು ಹೋದರೆ ಇನ್ನೊಂದು ಕೈಗೆ ಬರಲಿ ಎಂಬ ಲೆಕ್ಕ ಅದು. ಬೀಜದ ಕಾಳನ್ನು ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ, ಬಾಯಿ ಮೆತ್ತಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದವರು ಹೆಂಗಸರು. ಹಸಿವಾದರೂ ಆ ಮಡಕೆಗೆ ಕೈಹಾಕುವಂತಿಲ್ಲ. ಅದು ಮುಂದಿನ ವರ್ಷದ ಊಟ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವುದು, ಮುದ್ದೆಯ ಹಿಟ್ಟು ಕಡಿಮೆಯಾದಾಗ ಅಂಬಲಿಗೆ ಇಳಿಯುವುದು, ದಿನವೂ ಅಡುಗೆಗೆ ತೆಗೆದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಬೇರೆ ಡಬ್ಬಕ್ಕೆ ಹಾಕುವುದು, ಇವೆಲ್ಲ ಜಿಪುಣತನವಲ್ಲ, ಕರಾರುವಾಕ್ಕಾದ ಗಣಿತ. ಗೃಹವಿಜ್ಞಾನ ಕಾಲೇಜಿನ ಪಾಠವಾಗುವ ಬಹಳ ಮೊದಲೇ ಇದು ನಡೆದಿತ್ತು. ಮಕ್ಕಳಿಗೂ ಪಾಲಿತ್ತು: ಸೌದೆ ಆಯುವುದು, ಬೆರಣಿ ಒಣಗಿಸುವುದು, ಒಣಹಾಕಿದ ಕಾಳಿಗೆ ಕಾವಲು ಕೂರುವುದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದವಳ ತಟ್ಟೆಯಲ್ಲಿ ಮಾತ್ರ ಈ ಮಿತವ್ಯಯದ ಭಾರ ಹೆಚ್ಚಾಗಿ ಬೀಳುತ್ತಿತ್ತು ಎಂಬುದನ್ನು ಮರೆಯಬಾರದು.

ಹಾಗಾದರೆ ಇಷ್ಟು ಜಾಣ್ಮೆಯಿದ್ದ ನಾಡಿನಲ್ಲಿ 1876-78ರಲ್ಲಿ ಅಷ್ಟು ಜನ ಏಕೆ ಸತ್ತರು? ಮೊದಲ ಕಾರಣ ಮಳೆ ಮತ್ತೆ ಮತ್ತೆ ಕೈಕೊಟ್ಟದ್ದು. 1877 ಪ್ರಬಲ ಎಲ್ ನಿನೋ ವರ್ಷವಾಗಿತ್ತೆಂದು ಈಗ ನಮಗೆ ಗೊತ್ತಿದೆ. ಒಂದು ಬೆಳೆ ಹೋದಾಗ ಕೈಹಿಡಿಯುವ ಸಂಗ್ರಹ, ಸಾಲುಸಾಲಾಗಿ ಬೆಳೆ ಹೋದಾಗ ಬರಿದಾಗುತ್ತದೆ. ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಕೂಲಿಯವನಿಗೆ, ನೇಕಾರನಿಗೆ ಕೂಡಿಡಲು ಕಾಳೇ ಇರಲಿಲ್ಲ. ಧಾನ್ಯದ ಬೆಲೆ ಏರಿದಂತೆ, ಕೆಲಸವೂ ನಿಂತಂತೆ, ಮೊದಲು ಗಂಜಿ ಕೇಂದ್ರದ ದಾರಿ ಹಿಡಿದವರು ಅವರೇ. ಬೆಂಗಳೂರು-ಮೈಸೂರು ರೈಲು ಮಾರ್ಗದ ಕೆಲಸ ಶುರುವಾದದ್ದು ಈ ಬರದ ಪರಿಹಾರ ಕಾಮಗಾರಿಯಾಗಿ. ಮನೆಯ ಮಿತವ್ಯಯ ದೊಡ್ಡದು, ನಿಜ. ಆದರೆ ಏನೂ ಇಲ್ಲದವನಿಗೆ ಉಳಿತಾಯದ ಪಾಠ ಹೇಳುವುದು ನನ್ನ ಮಟ್ಟಿಗೆ ಕ್ರೌರ್ಯವೇ.

ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. ಮನೆಯ ಹಗೇವಿನ ಕೆಲಸವನ್ನು ಒಂದಷ್ಟು ಮಟ್ಟಿಗೆ ಪಡಿತರ ಅಂಗಡಿ ವಹಿಸಿಕೊಂಡಿತು. ಇದೇ ನಾಲ್ಕು ತಾಲ್ಲೂಕುಗಳಲ್ಲಿ ವರ್ಜೀನಿಯಾ ತಂಬಾಕು ಹರಡಿತು. ಈ ಬೆಳೆಗೂ ಇಡೀ ಮನೆ ಬೇಕು: ಎಲೆ ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿನಲ್ಲಿ ದಿನಗಟ್ಟಲೆ ಹಗಲೂ ರಾತ್ರಿಯೂ ಬೆಂಕಿ ಕಾಯಬೇಕು. ಆದರೆ ತಂಬಾಕನ್ನು ಉಣ್ಣಲಾಗದು! ಹರಾಜು ಕಟ್ಟೆಯಲ್ಲಿ ಹಣ ಕೆಲವೇ ತಿಂಗಳಲ್ಲಿ ಒಟ್ಟಾಗಿ ಬರುತ್ತದೆ. ಉಳಿದ ತಿಂಗಳುಗಳಿಗೆ ಕಾಳನ್ನು ಅಂಗಡಿಯಿಂದ ತರಬೇಕು. ಕಾಪಾಡಬೇಕಾದದ್ದು ಈಗ ರಾಗಿಯಲ್ಲ, ನೋಟು. ಅದಕ್ಕೆ ಹುಲ್ಲೂ ಇಲ್ಲ, ಚಪ್ಪಡಿಯೂ ಇಲ್ಲ.

ಇಲ್ಲಿಯೇ ಸ್ವಸಹಾಯ ಸಂಘಗಳ ಚರಿತ್ರೆ ಬರುತ್ತದೆ. ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, 1980ರ ದಶಕದ ನಡುವಿನಿಂದ ಇಂಥ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟತೊಡಗಿತು. ಹೆಗ್ಗಡದೇವನಕೋಟೆಯೂ ಅದರ ಕಾರ್ಯಕ್ಷೇತ್ರವಾಗಿತ್ತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ವಾರಕ್ಕಿಷ್ಟು ಹಣ, ಎಲ್ಲರೆದುರು ಎಣಿಕೆ, ಆಸ್ಪತ್ರೆಗೋ ಬಿತ್ತನೆಗೋ ತುರ್ತಾಗಿ ಬೇಕಾದವರಿಗೆ ಸಾಲ. ಹಿಡಿ ಅಕ್ಕಿಯ ಡಬ್ಬ ಪಾಸ್ ಪುಸ್ತಕವಾಯಿತು ಎನ್ನಬಹುದು. ಒಂದು ವ್ಯತ್ಯಾಸವಿದೆ: ಇದಕ್ಕೆ ಹೊಲ ಇರಲೇಬೇಕೆಂದಿಲ್ಲ.

ಮುಂದಿನ ರಜೆಯಲ್ಲಿ ನಿಮ್ಮ ಊರಿನಲ್ಲಿ ಹಗೇವು ಎಲ್ಲಿತ್ತೆಂದು ಅಜ್ಜಿಯನ್ನು ಕೇಳಿ. ಎಷ್ಟು ಪಲ್ಲ ಹಿಡಿಯುತ್ತಿತ್ತು, ಕೊನೆಯ ಸಲ ತೆರೆದದ್ದು ಯಾವ ವರ್ಷ, ಅದರಿಂದ ಕಾಳು ಕಡ ಪಡೆದವರು ಯಾರು, ಹಿಂತಿರುಗಿಸುವಾಗ ಎಷ್ಟು ಹೆಚ್ಚು ಅಳೆದುಕೊಟ್ಟರು ಎಂಬುದನ್ನು ಬರೆದುಕೊಳ್ಳಿ. ಬಾಯಿ ತೆರೆದ ಹಗೇವು ಎಲ್ಲಾದರೂ ಕಂಡರೆ ಮಾತ್ರ ಇಳಿಯಬೇಡಿ. ದೀಪ ಆರದೆ ಉರಿದರೂ ಅದನ್ನು ನಂಬಬೇಡಿ.