‘ಹೋಗಿ ಬರ್ತೇನೆ’ ಎಂದ ಅಧ್ಯಕ್ಷರು

ಫ್ರಾನ್ಸ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಮಹಾಕ್ರಾಂತಿ, ಆಮೇಲೆ ನೆಪೋಲಿಯನ್. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು 1815ರಲ್ಲಿ ಅವನು ಪ್ಯಾರಿಸಿಗೆ ಮರಳಿದ ಕಥೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮಾಷ್ಟ್ರೇ, ಈಗಲೂ ಹಾಗೆ ಯಾರಾದರೂ ವಾಪಸ್ ಬರ್ತಾರಾ?” ಉತ್ತರ ಅರ್ಧವಾಗುವಾಗ ಗಂಟೆ ಹೊಡೆಯಿತು. ಉಳಿದರ್ಧ ಇಲ್ಲಿದೆ.

ಈಗ ಸೈನ್ಯ ಕಟ್ಟಿಕೊಂಡು ಬರುವವರಿಲ್ಲ. ಆದರೆ ಮತಪೆಟ್ಟಿಗೆಯ ದಾರಿಯಲ್ಲಿ ಮರಳಲು ನೋಡಿದ ಮಾಜಿ ಅಧ್ಯಕ್ಷರಿದ್ದಾರೆ. ಅವರೆಲ್ಲರ ಕಣ್ಣ ಮುಂದಿರುವ ಆದರ್ಶ ಚಾರ್ಲ್ಸ್ ಡಿ ಗಾಲ್. 1946ರ ಜನವರಿಯಲ್ಲಿ ತಾತ್ಕಾಲಿಕ ಸರಕಾರದ ಮುಖ್ಯಸ್ಥ ಸ್ಥಾನಕ್ಕೆ ಅವರು ತಾವಾಗಿಯೇ ರಾಜೀನಾಮೆ ಕೊಟ್ಟರು. ಹನ್ನೆರಡು ವರ್ಷ ಅಧಿಕಾರದಿಂದ ದೂರವಿದ್ದರು. 1958ರ ಮೇ ತಿಂಗಳಲ್ಲಿ ಅಲ್ಜೀರಿಯಾದಲ್ಲಿ ಸೈನ್ಯ ದಂಗೆಯೆದ್ದು ಪ್ಯಾರಿಸ್ ಸರಕಾರ ಕಂಗಾಲಾದಾಗ ದೇಶವೇ ಅವರನ್ನು ಕರೆಯಿತು. ಫ್ರಾನ್ಸಿನ ಇಂದಿನ ಸಂವಿಧಾನ ಅದೇ ವರ್ಷ ಅವರು ತಂದದ್ದು. ಆದರೆ ಒಂದು ಮಾತು ಮರೆಯಬಾರದು. 1946ರಲ್ಲಿ ಅವರನ್ನು ಜನ ಸೋಲಿಸಿರಲಿಲ್ಲ. 1969ರ ಏಪ್ರಿಲ್ ಜನಮತಗಣನೆಯಲ್ಲಿ ಜನ ‘ಬೇಡ’ ಎಂದಾಗ ಮರುದಿನವೇ ಅಧ್ಯಕ್ಷ ಪದವಿ ಬಿಟ್ಟರು, ಮತ್ತೆ ಬರಲಿಲ್ಲ.

ಮರುಚುನಾವಣೆಯಲ್ಲಿ ಸೋತವರ ಕಥೆ ಬೇರೆ. ವಲೇರಿ ಜಿಸ್ಕಾರ್ ದೆಸ್ತಾಂಗ್ 1974ರಲ್ಲಿ, 48ನೇ ವಯಸ್ಸಿಗೇ ಅಧ್ಯಕ್ಷರಾದವರು. 1981ರ ಮೇ 10ರಂದು ಮಿತ್ತೆರಾಂ ಎದುರು ಸೋತರು. ಮೇ 19ರಂದು ಟಿ.ವಿ.ಯಲ್ಲಿ ವಿದಾಯ ಭಾಷಣ ಮಾಡಿ, ‘ಓ ರವ್ವಾರ್’ ಎಂದು ಎದ್ದು ಹೋದರು. ಖಾಲಿ ಕುರ್ಚಿ ತೆರೆಯ ಮೇಲೆ ಉಳಿಯಿತು. ಆ ಮಾತಿನ ಅರ್ಥ ‘ಮತ್ತೆ ನೋಡುವವರೆಗೆ’, ನಾವು ಹೊರಡುವಾಗ ‘ಹೋಗಿ ಬರ್ತೇನೆ’ ಅನ್ನುತ್ತೇವಲ್ಲ, ಹಾಗೆ.

ಅವರು ಬಂದದ್ದು ಸಣ್ಣ ಬಾಗಿಲಿನಿಂದ. 1982ರಲ್ಲಿ ತಮ್ಮ ಜಿಲ್ಲೆಯ ಕೌನ್ಸಿಲಿಗೆ ನಿಂತು ಗೆದ್ದರು. ದೇಶವಾಳಿದವರು ಜಿಲ್ಲಾ ಪಂಚಾಯತಿಗೆ ನಿಂತ ಹಾಗೆ! 1984ರ ಉಪಚುನಾವಣೆಯಲ್ಲಿ ರಾಷ್ಟ್ರೀಯ ಸಭೆಗೆ ಆಯ್ಕೆಯಾದರು. 1986ರಿಂದ 2004ರ ತನಕ ಓವೇರ್ನ್ ಪ್ರಾಂತ್ಯದ ಆಡಳಿತ ನಡೆಸಿದರು. ಯುರೋಪಿಗೆ ಸಂವಿಧಾನ ಬರೆಯುವ ಸಮಾವೇಶಕ್ಕೂ ಅಧ್ಯಕ್ಷರಾದರು. ಆ ಕರಡನ್ನು 2005ರಲ್ಲಿ ತಿರಸ್ಕರಿಸಿದ್ದು ಅವರ ದೇಶದ ಮತದಾರರೇ. 2020ರಲ್ಲಿ ತೀರಿಕೊಳ್ಳುವವರೆಗೂ ಎಲಿಸೆ ಅರಮನೆಯ ಕುರ್ಚಿ ಅವರಿಗೆ ಮರಳಿ ಸಿಗಲಿಲ್ಲ. ಆದರೆ ಕೆಲಸ ಸಿಕ್ಕಿತ್ತು.

ನಿಕೋಲಸ್ ಸರ್ಕೋಜಿ ನೇರ ದೊಡ್ಡ ಬಾಗಿಲಿಗೇ ಬಂದರು. 2012ರಲ್ಲಿ ಸೋತವರು 2014ರಲ್ಲಿ ತಮ್ಮ ಪಕ್ಷದ ಅಧ್ಯಕ್ಷರಾದರು, 2015ರಲ್ಲಿ ಪಕ್ಷದ ಹೆಸರನ್ನೇ ಬದಲಿಸಿದರು. 2016ರ ನವೆಂಬರಿನಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ ನಡೆದಾಗ ಮೂರನೇ ಸ್ಥಾನ! ಹೋದ ಪುಟ್ಟ, ಬಂದ ಪುಟ್ಟ.

ಅವರನ್ನು 2012ರಲ್ಲಿ ಸೋಲಿಸಿದ ಫ್ರಾಂಸ್ವಾ ಒಲಾಂದ್ ಅವರ ಪಾಡು ಇನ್ನೂ ಕಷ್ಟದ್ದು. 2016ರ ನಮ್ಮ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದವರು ಇವರೇ. 2013ರ ಕೊನೆಗೆ ನಿರುದ್ಯೋಗ ಇಳಿಯುವಂತೆ ಮಾಡುತ್ತೇನೆಂದು ಮಾತು ಕೊಟ್ಟಿದ್ದರು, ಇಳಿಯಲಿಲ್ಲ. 2015ರ ನವೆಂಬರಿನಲ್ಲಿ ಪ್ಯಾರಿಸಿನ ಭಯೋತ್ಪಾದಕ ದಾಳಿಗೆ 130 ಮಂದಿ ಬಲಿಯಾದರು. ಆಮೇಲೆ ಭಯೋತ್ಪಾದನೆಯ ಅಪರಾಧಿಗಳ ಪೌರತ್ವ ರದ್ದು ಮಾಡುವ ಪ್ರಸ್ತಾಪ ತಂದು, ವಿರೋಧ ಬಂದಾಗ ಕೈಬಿಟ್ಟರು. 2016ರ ಕಾರ್ಮಿಕ ಕಾನೂನಿನ ವಿರುದ್ಧ ಅವರಿಗೇ ಮತ ಹಾಕಿದ್ದವರು ಬೀದಿಗಿಳಿದರು. ಒಂದು ಸಮೀಕ್ಷೆಯಲ್ಲಿ ಅವರ ಕೆಲಸ ಮೆಚ್ಚಿದವರು ಬರೇ ಶೇಕಡಾ 4. ಆ ಡಿಸೆಂಬರ್ 1ರಂದು ಅವರು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. 1958ರ ನಂತರ ಹಾಗೆ ಹಿಂದೆ ಸರಿದ ಮೊದಲ ಅಧ್ಯಕ್ಷರು ಅವರು. 2017ರಲ್ಲಿ ಗೆದ್ದದ್ದು ಅವರದೇ ಮಾಜಿ ಮಂತ್ರಿ ಮ್ಯಾಕ್ರಾನ್.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2024ರ ಜೂನಿನಲ್ಲಿ ಮ್ಯಾಕ್ರಾನ್ ರಾಷ್ಟ್ರೀಯ ಸಭೆಯನ್ನು ವಿಸರ್ಜಿಸಿದರು. 69ರ ಒಲಾಂದ್ ತಮ್ಮ ಹಳೆಯ ಕ್ಷೇತ್ರವಾದ ಕೊರೇಜಿಗೆ ಹೋಗಿ ನಿಂತರು. ಅಲ್ಲಿನ ತ್ಯೂಲ್ ಪಟ್ಟಣಕ್ಕೆ ಅವರು 2001ರಿಂದ 2008ರ ತನಕ ಮೇಯರ್ ಆಗಿದ್ದವರು. ತ್ರಿಕೋನ ಸ್ಪರ್ಧೆಯಲ್ಲಿ ಗೆದ್ದು, ಜಿಸ್ಕಾರ್ ನಂತರ ಹಾಗೆ ಸಭೆಗೆ ಮರಳಿದ ಎರಡನೇ ಮಾಜಿ ಅಧ್ಯಕ್ಷರಾದರು. ಆಗಿನಿಂದ 2027ರ ಅಧ್ಯಕ್ಷ ಚುನಾವಣೆಯ ಮಾತಿನಲ್ಲಿ ಅವರ ಹೆಸರೂ ಸೇರಿಕೊಂಡಿತು. ಕಾನೂನಿನ ಅಡ್ಡಿಯಿಲ್ಲ. 2008ರ ತಿದ್ದುಪಡಿ ತಡೆಯುವುದು ಸತತ ಮೂರನೇ ಅವಧಿಯನ್ನು ಮಾತ್ರ.

ಇಷ್ಟು ನೋಡಿದ ಮೇಲೆ ನನಗನಿಸಿದ್ದು: ಜನರ ‘ಬೇಡ’ ಎಂಬ ಮಾತು ಜೀವಾವಧಿ ಶಿಕ್ಷೆಯಲ್ಲ, ಆದರೆ ಅದು ಸುಮ್ಮನೆ ಅಳಿಸಿ ಹೋಗುವ ಬಳಪದ ಗೆರೆಯೂ ಅಲ್ಲ. ಊರಿನ ಕೆಲಸಕ್ಕೆ ಬಂದವರನ್ನು ಅವರ ಊರಿನವರು ಮತ್ತೆ ಒಪ್ಪಿಕೊಂಡಿದ್ದಾರೆ. ಅರಮನೆ ಬಿಟ್ಟು ಹೋದ ಅಧ್ಯಕ್ಷರಲ್ಲಿ ಒಬ್ಬರನ್ನೂ ದೇಶ ಈ ತನಕ ಅಲ್ಲಿಗೆ ಮರಳಿ ಕಳಿಸಿಲ್ಲ.

ಹಿಂದಿನ ಬೆಂಚಿನ ಹುಡುಗನಿಗೆ ನನ್ನ ಉತ್ತರ ಇದು. ಈಗ ಪ್ರಶ್ನೆ ನನ್ನದು, ಮಕ್ಕಳೇ: ಒಮ್ಮೆ ಸೋತ ಕ್ಲಾಸ್ ಲೀಡರ್ ಮತ್ತೆ ನಿಂತರೆ ಅವನ ಹತ್ತಿರ ನೀವು ಮೊದಲು ಏನು ಕೇಳುತ್ತೀರಿ?