ಹಳೇ ಗಿಟಾರು, ಹೆಸರಿಲ್ಲದ ಕೈ

ಹೋದ ತಿಂಗಳು ನಮ್ಮಕ್ಕನ ಮಗ ಬೆಂಗಳೂರಿಂದ ನಾಕು ದಿನ ಇದ್ದು ಹೋಗಲಿಕ್ಕೆ ಬಂದಿದ್ದ. ಬಟ್ಟಿ ಚೀಲ ಸಣ್ಣದು, ಗಿಟಾರಿನ ಪೆಟಗಿ ದೊಡ್ಡದು. ಪೆಟಗಿ ತಗದ ಕೂಡ್ಲೆ ನಮ್ಮ ಅತ್ತಿಯವರು ಕನ್ನಡಕ ಏರಿಸಿ ನೋಡಿ, "ಅಯ್ಯ, ಬಣ್ಣೆಲ್ಲಾ ಕಿತ್ತು ಹೋಗೇದಲ್ಲೋ! ನಿಮ್ಮಪ್ಪ ಒಂದು ಹೊಸಾದು ಕೊಡಸಬಾರದಿತ್ತೇನು?" ಅಂದ್ರು.

"ಅಜ್ಜಿ, ಇದು ಹೊಸಾದನ. ಬೇಕಂತನ ಹಿಂಗ ಬಣ್ಣ ಕೀಳಸತಾರ. ಇದಕ್ಕ ರೊಕ್ಕಾ ಜಾಸ್ತಿ" ಅಂದ ಅಂವ.

ಅತ್ತಿಯವರು ನನ್ನ ಮಾರಿ ನೋಡಿದ್ರು, ನಾ ಅವರ ಮಾರಿ ನೋಡಿದೆ. ಹರಕ ಪ್ಯಾಂಟಿಗೆ ಹೆಚ್ಚಿಗಿ ರೊಕ್ಕ ಕೊಡೋ ಕಾಲ ಇದು, ಇದೂ ಹಂಗ ಇರಬೇಕು ಅಂತ ಸುಮ್ಮನಾದ್ವಿ.

ಆದ್ರ ರಾತ್ರಿ ಊಟ ಆದಮ್ಯಾಲೆ ಅಂವ ಕೂತು ಹೇಳಿದ ಕಥಿ ಕೇಳಿ ನನಗ ನಿದ್ದಿನ ಹತ್ತಲಿಲ್ಲ. ಅದನ್ನ ನಿಮಗೂ ಹೇಳೂಣಂತ ಕೂತೀನಿ. ಗಿಟಾರು ಹುಡುಗರ ಬಾಬತ್ತು, ನಮಗ್ಯಾಕ ಅನಬ್ಯಾಡ್ರಿ. ಇದರೊಳಗ ನಮ್ಮಂಥಾ ಹೆಣ್ಣಮಕ್ಕಳ ಪಾಲು ಎಷ್ಟದ ಅನ್ನೋದು ಮುಂದ ಗೊತ್ತಾಗ್ತದ.

ಕರೆಂಟಿನ ಗಿಟಾರಿನೊಳಗ 1950ರಿಂದ 1965ರ ತನಕ ಅಮೇರಿಕಾದಾಗ ಆದ ಗಿಟಾರಂದ್ರ ಬಾರಿಸೋರು ಪ್ರಾಣಾ ಬಿಡತಾರ. ಅದಕ್ಕ ಅವರು ವಿಂಟೇಜ್ ಅಂತಾರ. ನಮ್ಮ ಕಡೆ ಮಾತಿನಾಗ ಹೇಳಬೇಕಂದ್ರ ಜವಾರಿ. ಜವಾರಿ ಸೌತಿಕಾಯಿ, ಜವಾರಿ ಬಳ್ಳೊಳ್ಳಿ ಇದ್ದಂಗ ಜವಾರಿ ಗಿಟಾರು. ಅಂಥಾದ್ದು ಸಿಗದವರು ಹೊಸಾದನ್ನ ಹಳೇದರ ಹಂಗ ಕಾಣೋ ಹಂಗ ಮಾಡಿಸಿಕೋತಾರ. ಫೆಂಡರ್ ಅನ್ನೋ ಕಂಪನಿಯವರು 1995ರಿಂದ ಹೊಸಾ ಗಿಟಾರಿನ ಬಣ್ಣ ತಿಕ್ಕಿ, ಅಂಚು ಸವಿಸಿ ಮಾರ್ಲಿಕತ್ತಾರ.

ರೇಟು ಕೇಳ್ರಿ. ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲೆಂಡಿನ ತಂಡದಾಗ ಡೇವಿಡ್ ಗಿಲ್ಮೋರ್ ಅಂತ ಒಬ್ಬರು ಬಾರಿಸೋರು ಇದ್ದಾರ. ಅವರ ಕರೀ ಬಣ್ಣದ ಗಿಟಾರು 2019ರಾಗ ನ್ಯೂಯಾರ್ಕಿನ ಹರಾಜಿನೊಳಗ 39 ಲಕ್ಷ 75 ಸಾವಿರ ಡಾಲರಿಗೆ ಹೋತು. ಆಗಿನ ಲೆಕ್ಕದಾಗ ಹತ್ತಿರ ಹತ್ತಿರ 27 ಕೋಟಿ ರೂಪಾಯಿ! ಅವರು ಆ ರೊಕ್ಕಾ ಮನಿಗೆ ಒಯ್ಯಲಿಲ್ಲ, ಹವಾಮಾನ ಉಳಿಸೋ ಕೆಲಸಕ್ಕ ದಾನಾ ಮಾಡಿದ್ರು, ಅದು ಬ್ಯಾರೆ ಮಾತು.

"ಅದರಾಗ ಬಂಗಾರ ಹಾಕಿರ್ತಾರೇನೋ?" ಅಂತ ಅತ್ತಿಯವರು ಕೇಳಿದ್ರು.

"ಇಲ್ಲಜ್ಜಿ, ತಾಮ್ರದ ತಂತಿ" ಅಂದ ಹುಡುಗ. ಇಲ್ಲಿಂದ ಕಥಿ ಶುರು.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಅನ್ನೋ ಊರಾಗ ಲಿಯೋ ಫೆಂಡರ್ ಅಂತ ಒಬ್ಬಾವ ಇದ್ದ. ಹುಟ್ಟಿದ್ದು 1909ರಾಗ. ಸಣ್ಣಾಂವ ಇದ್ದಾಗನ ಒಂದು ಕಣ್ಣು ಹೋಗಿತ್ತು. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಮಜಾ ಏನಂದ್ರ ಅಂವಗ ಗಿಟಾರು ಬಾರಿಸಲಿಕ್ಕೆ ಬರ್ತಿದ್ದಿಲ್ಲ! ಆದ್ರ ಬಾರಿಸೋರ ತಕರಾರು ಕೇಳಿ ಕೇಳಿ, ಪೊಳ್ಳ ಹೊಟ್ಟಿ ಇಲ್ಲದ, ಗಟ್ಟಿ ಕಟಗಿ ಹಲಗಿಯ ಗಿಟಾರು ಮಾಡಿದ. 1950ರಾಗ ಮಾರಾಟಕ್ಕ ಬಂತು. ಅದಕ್ಕ ಕಡೀಕ ಉಳಿದ ಹೆಸರು ಟೆಲಿಕಾಸ್ಟರ್. 1954ರಾಗ ಸ್ಟ್ರಾಟೋಕಾಸ್ಟರ್ ಅಂತ ಇನ್ನೊಂದು ಬಂತು. ಇವತ್ತಿಗೂ ಗಿಟಾರಂದ್ರ ಕಣ್ಣಮುಂದ ಬರೋ ಆ ಎರಡು ಕೊಂಬಿನ ಆಕಾರ ಅದರದನ.

ಪೊಳ್ಳ ಹೊಟ್ಟಿ ಇಲ್ಲಂದಮ್ಯಾಲೆ ಧ್ವನಿ ಎಲ್ಲಿಂದ ಬರಬೇಕು? ನಮ್ಮ ತಂಬೂರಿಗೆ ಕುಂಬಳಕಾಯಿ ಬುರುಡಿ ಇರ್ತದ, ಅದರೊಳಗ ನಾದ ತುಂಬತದ. ಇಲ್ಲಿ ತಂತಿ ಕೆಳಗ ಒಂದು ಸಣ್ಣ ಡಬ್ಬಿ ಕೂಡಿಸಿರ್ತಾರ. ಅದಕ್ಕ ಪಿಕಪ್ ಅಂತಾರ. ಅದರಾಗ ಆರು ಸಣ್ಣ ಅಯಸ್ಕಾಂತ, ಅವುಗಳ ಸುತ್ತ ಕೂದಲೆಳಿಯಂಥಾ ತಾಮ್ರದ ತಂತಿ. ಎಷ್ಟು ಸುತ್ತು ಅಂತೀರಿ? ಸುಮಾರು 8,000! ಮ್ಯಾಲಿನ ಉಕ್ಕಿನ ತಂತಿ ಮೀಟಿದಾಗ ಆ ಸುರುಳಿಯೊಳಗ ಒಂಚೂರು ಕರೆಂಟು ಹುಟ್ಟತದ. ಆ ಕರೆಂಟನ್ನ ದೊಡ್ಡದು ಮಾಡಿ ಸ್ಪೀಕರಿನಿಂದ ಹೊರಗ ಬಿಡತಾರ. ಸ್ಟ್ರಾಟೋಕಾಸ್ಟರಿಗೆ ಅಂಥಾವು ಮೂರು ಪಿಕಪ್. ಅಂದ್ರ ಒಂದು ಗಿಟಾರಿಗೆ ಹತ್ತಿರ ಹತ್ತಿರ 24,000 ಸುತ್ತು.

ಇದನ್ನ ಸುತ್ತತಿದ್ದವರು ಯಾರು? ಹೆಣ್ಣಮಕ್ಕಳು! ಭಾಳ ಮಂದಿ ಮೆಕ್ಸಿಕೋ ಮೂಲದ ಮನೆತನದವರು. ಮಷಿನ್ನು ಡಬ್ಬಿ ತಿರುಗಸತಿತ್ತು ಖರೇ, ಆದ್ರ ತಂತಿ ಹಿಡದು ಅತ್ತಾಗ ಇತ್ತಾಗ ನಡಸೋದು ಅವರ ಬೆರಳು. ಬಿಗಿ ಹಿಡದ್ರ ತಂತಿ ಹರೀತದ, ಸಡಿಲ ಬಿಟ್ರ ಸುರುಳಿ ಕೂಡೂದಿಲ್ಲ. ಮಷಿನ್ನು ಪೂರಾ ತಾನ ಸುತ್ತಿದ್ರ ತಂತಿ ಒಂದರ ಮಗ್ಗಲಕ್ಕೊಂದು ನೆಟ್ಟಗ ಕೂತಿರ್ತದ. ಕೈಲೆ ನಡಸಿದ್ರ ಒಂದಿಷ್ಟು ಅಡ್ಡಾದಿಡ್ಡಿ, ನಡುವ ಸಣ್ಣ ಸಣ್ಣ ಸಂದು. ಆ ಅಡ್ಡಾದಿಡ್ಡಿಯಿಂದನ ಧ್ವನಿ ತೆರಕೋತದ ಅಂತಾರ ಬಾರಿಸೋರು. ಹಿಂಗಾಗಿ ಒಂದು ಗಿಟಾರಿನ ಧ್ವನಿ ಇನ್ನೊಂದಕ್ಕ ತಪ್ಪಿನೂ ಬರೂದಿಲ್ಲಂತ.

ಇದನ್ನ ಕೇಳಿದಾಗ ನನಗ ತಟ್ಟನೆ ನಮ್ಮಜ್ಜಿ ಕೌದಿ ನೆನಪಾತು. ಅಕಿ ಎಡಚಿ ಇದ್ಲು. ಎಲ್ಲಾರ ಹೊಲಿಗಿ ಒಂದು ಕಡೆ ವಾಲಿದ್ರ ಅಕಿದು ಇನ್ನೊಂದು ಕಡೆ. ಹತ್ತು ಕೌದಿ ರಾಶಿ ಹಾಕಿದ್ರೂ ನಮ್ಮವ್ವ ಕಣ್ಣ ಮುಚ್ಚಿ ಕೈ ಆಡಿಸಿ, "ಇದು ನಮ್ಮವ್ವಂದು" ಅಂತ ಹೇಳತಿದ್ಲು.

ಆ ಹೆಣ್ಣಮಕ್ಕಳೊಳಗ ಒಬ್ಬರ ಹೆಸರು ಮಾತ್ರ ಜಗತ್ತಿಗೆ ಗೊತ್ತಾತು. ಅಬಿಗೇಲ್ ಇಬಾರಾ ಅಂತ. 1956ರಾಗ ಫೆಂಡರಿನಾಗ ಕೆಲಸಕ್ಕ ಸೇರಿದವರು 2013ರಾಗ ನಿವೃತ್ತಿ ಆದ್ರು. ಕಡೀ ಕಡೀಕ ಅವರು ಸುತ್ತಿದ ಪಿಕಪ್ ಬೇಕಂತ ಜನಾ ಬಾಯಿಬಾಯಿ ಬಿಡತಿದ್ರು. ಪಿಕಪ್ಪಿನ ಮ್ಯಾಲೆ ಅವರ ಸಹಿ ಹಾಕಿಸಿ ಮಾರಲಿಕ್ಕೆ ಹತ್ತಿದ್ರು. ಹೋಗೂ ಮುಂದ ಜೋಸೆಫಿನಾ ಕಾಂಪೋಸ್ ಅನ್ನೋ ಇನ್ನೊಬ್ಬ ಹೆಣ್ಣಮಗಳಿಗೆ ಕೈಹಿಡದು ಕಲಿಸಿ ಹೋದ್ರು.

ಉಳದವರು? 1950ರ ದಶಕದ ಕೆಲವು ಸ್ಟ್ರಾಟೋಕಾಸ್ಟರ್ ಗಿಟಾರು ಬಿಚ್ಚಿದ್ರ ಒಳಗ ತಂತಿ ಜೋಡಿಸೋ ಗುಳಿಯೊಳಗ ಒಂದು ಕಾಗದದ ಟೇಪಿನ ತುಂಡು ಸಿಗತದ. ಅದರ ಮ್ಯಾಲೆ ಪೆನ್ಸಿಲಿನಿಂದ ಮೇರಿ ಅಂತನೋ ಗ್ಲೋರಿಯಾ ಅಂತನೋ ಬರದಿರ್ತಾರ, ಜೋಡಿಗೆ ತಾರೀಖು. ಆ ಗಿಟಾರಿಗೆ ತಂತಿ ಕೂಡಿಸಿದಾಕಿ ಹೆಸರು ಅದು. ಇವತ್ತು ಗಿಟಾರು ಖರೇ ಹಳೇದ ಏನು ಅಂತ ಪರೀಕ್ಷಾ ಮಾಡೋರು ಆ ಟೇಪಿನ ತುಂಡನ್ನೂ ಹುಡುಕತಾರ. ಲಕ್ಷಗಟ್ಟಲೆ ಡಾಲರಿಗೆ ಸಾಕ್ಷಿ ಆ ಹೆಣ್ಣಮಕ್ಕಳ ಪೆನ್ಸಿಲ್ ಅಕ್ಷರ. ನನಗ ಇದನ್ನ ಕೇಳಿ ಮೈ ಜುಮ್ ಅಂತು ನೋಡ್ರಿ.

1965ರಾಗ ಲಿಯೋ ತಬ್ಬೇತ ಸರಿ ಇಲ್ಲಂತ ಕಂಪನಿಯನ್ನ ಸಿ.ಬಿ.ಎಸ್. ಅನ್ನೋ ದೊಡ್ಡ ಕಂಪನಿಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆಮ್ಯಾಲೆ ಗಿಟಾರು ರಾಶಿ ರಾಶಿ ಹೊರಗ ಬೀಳಲಿಕ್ಕೆ ಹತ್ತಿದ್ವು, ಮೊದಲಿನ ಹದಾ ಹೋತು ಅಂತ ಬಾರಿಸೋರ ತಕರಾರು. ಜನಾ ಹಿಂದಿನವನ್ನ ಹುಡುಕಲಿಕ್ಕೆ ಹತ್ತಿದ್ರು. ಜವಾರಿಗೆ ಬೆಲಿ ಬಂದದ್ದು ಹಿಂಗ.

ಫೆಂಡರಿಗೆ ಸರಿಸಾಟಿ ಇನ್ನೊಂದು ಕಂಪನಿ ಗಿಬ್ಸನ್. ಅವರು 1952ರಾಗ ಲೆಸ್ ಪಾಲ್ ಅಂತ ಗಿಟಾರು ತಂದ್ರು. 1958ರಿಂದ 1960ರ ತನಕ ಅದಕ್ಕ ಸೂರ್ಯ ಮುಣಗೂ ಹೊತ್ತಿನ ಬಣ್ಣ ಹಾಕಿದ್ರು, ನಡುವ ಹಳದಿ, ಅಂಚಿಗೆ ಕೆಂಪು. ರೇಟು 300 ಡಾಲರಿಗಿಂತ ಕಡಿಮಿ. ಆದ್ರೂ ಯಾರೂ ಕೇಳವಲ್ರು! ಮೂರು ವರ್ಷದಾಗ ಎರಡು ಸಾವಿರನೂ ಆಗಲಿಲ್ಲ, ಮಾಡೋದ ನಿಲ್ಲಿಸಿದ್ರು. ಮುಂದ 1966ರಾಗ ಎರಿಕ್ ಕ್ಲಾಪ್ಟನ್ ಅನ್ನೋ ಇಂಗ್ಲೆಂಡಿನ ಹುಡುಗ ಅಂಥಾ ಗಿಟಾರಿನ ಮ್ಯಾಲೆ ಬಾರಿಸಿದ ಒಂದು ರೆಕಾರ್ಡು ಬಂತು. ಎಲ್ಲಾರೂ ಎದ್ದು ಕೂತ್ರು. ಅವನ ಗಿಟಾರು ಅದ ವರ್ಷ ಕಳುವಾತು, ಅದು ಬ್ಯಾರೆ. ಇವತ್ತು ಆ ಮೂರು ವರ್ಷದ ಗಿಟಾರು ಲಕ್ಷಾಂತರ ಡಾಲರಿಗೆ ಹೋಗತಾವ. ಆ ಕೆಂಪು ಬಣ್ಣ ಬಿಸಲಿಗೆ ಮಾಸೋ ಬಣ್ಣ. ಕೆಲವು ಜೇನತುಪ್ಪದ ಹಂಗ ಆಗ್ಯಾವ, ಕೆಲವು ಚಹಾದ ಹಂಗ, ಕೆಲವು ನಿಂಬಿಹಣ್ಣಿನ ಹಂಗ. ಬಣ್ಣ ಹೋದದ್ದಕ್ಕನ ಬೆಲಿ!

ಅದರೊಳಗ 1959ರ ಒಂದು ಗಿಟಾರಿನ ಕಥಿ ಕೇಳ್ರಿ. ಅದು ಪೀಟರ್ ಗ್ರೀನ್ ಅನ್ನೋ ಇಂಗ್ಲೆಂಡಿನವನ ಹತ್ರ ಇತ್ತು. ಅದರ ಒಂದು ಪಿಕಪ್ಪಿನ ಅಯಸ್ಕಾಂತ ಉಲ್ಟಾ ಕೂತಿತ್ತು. ಅದು ತಪ್ಪು. ಆದ್ರ ಎರಡೂ ಪಿಕಪ್ ಕೂಡಿಸಿ ಬಾರಿಸಿದ್ರ ಮೂಗಿನಾಗ ಅತ್ತಂಗ ಒಂದು ಧ್ವನಿ ಬರತಿತ್ತು, ಬ್ಯಾರೆ ಯಾರ ಗಿಟಾರಿಗೂ ಬರ್ತಿದ್ದಿಲ್ಲ. ಯಾರೂ ಅದನ್ನ ತಿದ್ದಲಿಲ್ಲ. ಪೀಟರ್ ಕಡೆಯಿಂದ ಗ್ಯಾರಿ ಮೂರ್‌ಗೆ ಹೋತು, ಕೈ ಬದಲಾಗಿ ಬದಲಾಗಿ ಈಗ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಹತ್ರ ಅದ. ಎಲ್ಲಾರೂ ಆ ತಪ್ಪನ್ನ ಹಂಗ ಇಟಗೊಂಡು ಬಂದಾರ.

"ಹಂಗಾರ ಹಳೇ ಗಿಟಾರು ತಗೊಂಡ್ರ ಯಾರು ಬೇಕಾದವರು ಛಂದ ಬಾರಿಸಬಹುದೇನು?" ಅಂತ ನಾ ಕೇಳಿದೆ.

"ಇಲ್ಲ ಮೌಶಿ, ಕಡೀಕ ಎಲ್ಲಾ ಕೈಯಾಗನ ಇರೋದು" ಅಂದ. ಆ 27 ಕೋಟಿ ಗಿಟಾರಿಗೆ ಗಿಲ್ಮೋರ್ ಸಾಹೇಬರು ಹಿಡಿಕಿ ಬದಲಿಸಿದ್ರು, ಪಿಕಪ್ ಬದಲಿಸಿದ್ರು, ಆದ್ರೂ ಧ್ವನಿ ಅವರದನ ಇತ್ತು ಅಂತ ಹೇಳಿ ಬಿ.ಬಿ. ಕಿಂಗ್ ಅವರದೊಂದು ವಿಡಿಯೋ ಹಚ್ಚಿದ.

ಬಿ.ಬಿ. ಕಿಂಗ್ 1925ರಾಗ ಮಿಸಿಸಿಪ್ಪಿಯೊಳಗ ಬಡವರ ಮನ್ಯಾಗ ಹುಟ್ಟಿದ ಕರಿಯ ಜನಾಂಗದವರು. ಅವರ ಸಂಬಂಧಿಕ ಬುಕ್ಕಾ ವೈಟ್ ಅನ್ನಾಂವ ತಂತಿ ಮ್ಯಾಲೆ ಕೊಳವಿ ಜಾರಿಸಿ ಬಾರಿಸತಿದ್ದ. ಇವರಿಗೆ ಅದು ಬರಲಿಲ್ಲ. ಆ ಧ್ವನಿ ಮಾತ್ರ ಬೇಕಿತ್ತು. ಅದಕ್ಕ ಎಡಗೈ ಬೆರಳಿನಿಂದನ ತಂತಿ ನಡಗಸೋದು ಕಲತ್ರು. ಒಂದ ಸ್ವರ ಹಿಡದು ಅವರು ಬೆರಳು ಆಡಿಸಿದ್ರ, ಅತ್ತಿಯವರು "ಅಯ್ಯ, ಇದು ನಮ್ಮ ಗಮಕನ ಅಲ್ಲೇನು!" ಅಂದ್ರು. ಧಾರವಾಡದಾಗ ಹುಟ್ಟಿ ಬೆಳದವರು, ಮೀಂಡ ಆಂದೋಲನ ಕೇಳಿ ಕೇಳಿ ಕಿವಿ ಹದಾ ಆಗ್ಯಾವ. ಜಾಸ್ತಿ ಸ್ವರ ಬೇಕಾಗೇ ಇಲ್ಲ ಅವರಿಗೆ. ಒಂದು ಸಾಲು ಹಾಡತಾರ, ಬಾಯಿ ಮುಚ್ಚತಾರ, ಮುಂದಿನದನ್ನ ಗಿಟಾರು ಹಾಡತದ.

ಆ ಗಿಟಾರಿಗೆ ಲೂಸಿಲ್ ಅಂತ ಹೆಸರು. 1949ರ ಥಂಡಿಯೊಳಗ ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಅನ್ನೋ ಊರಾಗ ಅವರ ಕಾರ್ಯಕ್ರಮ ಇತ್ತು. ಕಾಸಲಿಕ್ಕೆ ನಡುವ ಸೀಮಿಎಣ್ಣಿ ಪೀಪಾಯಿ ಉರೀತಿತ್ತು. ಇಬ್ಬರು ಗಂಡಸರು ಒಬ್ಬ ಹೆಂಗಸಿನ ಸಲುವಾಗಿ ಹೊಡದಾಡಿ ಪೀಪಾಯಿ ಕೆಡವಿದ್ರು, ಬೆಂಕಿ ಬಿತ್ತು. ಹೊರಗ ಓಡಿ ಬಂದ ಕಿಂಗ್, 30 ಡಾಲರಿನ ಗಿಟಾರು ಒಳಗ ಉಳೀತು ಅಂತ ತಿರಗಿ ಬೆಂಕಿಯೊಳಗ ಹೊಕ್ಕರು! ಜೀವ ಉಳದದ್ದು ಪುಣ್ಯಾ. ಆ ಹೆಂಗಸಿನ ಹೆಸರು ಲೂಸಿಲ್ ಅಂತ ಮರುದಿನ ಗೊತ್ತಾತು. ಇನ್ನ ಇಂಥಾ ಹುಚ್ಚುತನಾ ಮಾಡಬಾರದು ಅಂತ ನೆನಪಿಗೆ ಗಿಟಾರಿಗೆ ಅದ ಹೆಸರಿಟ್ರು.

ಗಿಟಾರಿಗೆ ಹೆಣ್ಣಿನ ಹೆಸರು ಸಿಕ್ತು. ಬಾರಿಸಿದ ಹೆಣ್ಣಿಗೆ?

ಸಿಸ್ಟರ್ ರೊಸೆಟಾ ಥಾರ್ಪ್ ಅಂತ ಒಬ್ಬಾಕಿ ಇದ್ಲು. 1915ರಾಗ ಅದ ಆರ್ಕನ್ಸಾದಾಗ ಹುಟ್ಟಿದಾಕಿ. ಅವರವ್ವ ಕೇಟಿ ಬೆಲ್ ಮ್ಯಾಂಡೋಲಿನ್ ಬಾರಿಸಿ ದೇವರ ಹಾಡು ಹಾಡಾಕಿ, ಮಗಳನ್ನ ಸಣ್ಣಾಕಿದ್ದಾಗಿಂದ ಜೋಡಿಗೆ ಕರಕೊಂಡು ಊರೂರು ಹೋಗತಿದ್ಲು. 1938ರಾಗನ ಇಕಿ ಹಾಡಿನ ರೆಕಾರ್ಡು ಬಂತು. ಮುಂದ ಹೆಸರಾದ ಎಷ್ಟೋ ಗಂಡಸರು ಇಕಿನ್ನ ಕೇಳಿ ಕಲತವರು. 1964ರಾಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಾಗ ಒಂದು ಮುಚ್ಚಿದ ರೈಲ್ವೆ ಸ್ಟೇಶನ್ನಿನಾಗ ಬಾರಿಸಿದ ವಿಡಿಯೋ ಅದ, ತಪ್ಪದ ನೋಡ್ರಿ. ಜನಾ ಎದುರಿನ ಪ್ಲಾಟ್‌ಫಾರ್ಮಿನ ಮ್ಯಾಲೆ ಕೂತಾರ. ಮಳಿ ಬಂದು ಎಲ್ಲಾ ಹಸಿ. ಇಕಿ ಕೋಟು ಹಾಕ್ಕೊಂಡು, ಮೂರು ಪಿಕಪ್ಪಿನ ಬಿಳಿ ಗಿಬ್ಸನ್ ಹೆಗಲಿಗೆ ಹಾಕ್ಕೊಂಡು, ನಕ್ಕೋತ ಬಾರಸತಾಳ. ಸಾಸಿವಿ ಒಗ್ಗರಣಿ ಚಟಪಟ ಅಂದಂಗ ಸ್ವರ ಸಿಡೀತಾವ.

1973ರಾಗ ಫಿಲಡೆಲ್ಫಿಯಾದಾಗ ಸತ್ಲು. ಸಮಾಧಿ ಮ್ಯಾಲೆ ಹೆಸರಿನ ಕಲ್ಲೂ ಇರಲಿಲ್ಲ. ಮೂವತ್ತರ ಮ್ಯಾಲೆ ವರ್ಷ ಆದಮ್ಯಾಲೆ, 2008ರಾಗ ಕಛೇರಿ ಮಾಡಿ ರೊಕ್ಕಾ ಕೂಡಿಸಿದ ಮ್ಯಾಲೆ ಕಲ್ಲು ಬಂತು. ಅಮೇರಿಕಾದ ರಾಕ್ ಸಂಗೀತದ ಗೌರವದ ಪಟ್ಟಿಯೊಳಗ ಇಕಿ ಹೆಸರು ಸೇರಿದ್ದು 2018ರಾಗ.

ಹುಡುಗ ಮಲಗಿದ. ನಾ ಎದ್ದು ಟ್ರಂಕ್ ತಗದೆ. ನಮ್ಮಜ್ಜಿ ಕೌದಿ ಎರಡಿದ್ವು. ಒಂದನ್ನ ನಾಕು ವರ್ಷದ ಹಿಂದ, ಹಳೇ ಬಟ್ಟಿಗೆ ಸ್ಟೀಲ್ ಭಾಂಡಿ ಕೊಡಾಕಿ ಬಂದಾಗ, ಹಳೇ ಸೀರಿ ಸಂಗಾಟ ನಾನ ನನ್ನ ಕೈಲೆ ಹಾಕಿ ಒಂದು ಡಬ್ಬಿ ತಗೊಂಡೀನಿ. ಡಬ್ಬಿಯೊಳಗ ಈಗ ರವಾ ಅದ. ದಿನಾ ಕಣ್ಣಿಗೆ ಬೀಳತದ. 1960ರಾಗ ಆ ಗಿಟಾರು ಬ್ಯಾಡಂದವರ ಮ್ಯಾಲೆ ನಾ ಹೆಂಗ ನಗಲಿ ಹೇಳ್ರಿ.

ಉಳದ ಕೌದಿ ಹಾಸಿ ಅಕಿ ಎಡಗೈ ಹೊಲಿಗಿ ಮ್ಯಾಲೆ ಕೈ ಆಡಿಸಿದೆ. ನನಗ ಗೊತ್ತು ಇದು ಯಾರದಂತ. ನನ್ನ ಮಗಳಿಗೂ ಗೊತ್ತು. ಅಕಿ ಮಗಳಿಗೆ? ಮರುದಿನ ಮಧ್ಯಾಹ್ನ ಕೂತು ಮೂಲಿಯೊಳಗ ಕೆಂಪು ದಾರದಿಂದ ಅಜ್ಜಿ ಹೆಸರು, ಊರು ಹೊಲದೆ. ನನ್ನ ಅಕ್ಷರ ಸೊಟ್ಟ ಆಗ್ಯಾವ, ಇರ್ಲಿ.

ನಿಮ್ಮ ಮನ್ಯಾಗೂ ಕೌದಿ ಇರಬಹುದು, ಕಸೂತಿ ಇರಬಹುದು, ಅಜ್ಜಿ ಕೈಬರಹದ ಹಾಡಿನ ವಹಿ ಇರಬಹುದು. ಯಾರ ಕೈಯಿಂದು ಅಂತ ಗೊತ್ತಿದ್ದವರು ಇರೋದರೊಳಗ ಕೇಳಿ ಹೆಸರು ಬರದಿಡ್ರಿ. ಪೆನ್ಸಿಲ್ ಆದ್ರೂ ನಡೀತದ.